ಒಂದೇ ಮಗ್ಗುಲು ಉಜ್ಜಿದ ಕಾಸು

ನಮ್ಮ ಲ್ಯಾಬಿನ ಬೀಗವನ್ನು ಅವರು ಎಳೆದೆಳೆದು ನೋಡಿ ಬಾಗಿಲ ಚಿಲಕವೇ ಸಡಿಲವಾಗಿತ್ತು. ಬೀಗ ಹಾಕುವರು, ಎಳೆಯುವರು, ನಾಲ್ಕು ಹೆಜ್ಜೆ ಹೋಗುವರು, ತಿರುಗಿ ಬಂದು ಮತ್ತೆ ಎಳೆಯುವರು. ಹೊರಗೆ ಕಂಪನಿ ಬಸ್ಸು ಹಾರನ್ ಹೊಡೆಯುತ್ತಿರುತ್ತಿತ್ತು. ಬಸ್ಸು ಹತ್ತಿ ಕೂತ ಮೇಲೆ ಗ್ಯಾಸ್ ಸಿಲಿಂಡರಿನ ತಿರುಪು ನೆನಪಾಗಿ ಇಳಿದು ಓಡಿದ್ದೂ ಉಂಟು. ತಮಿಳಿನ ಡ್ರೈವರಣ್ಣ ಅವರಿಗೆ ‘ಭಯಂ ಸಾರ್’ ಎಂದು ಹೆಸರಿಟ್ಟಿದ್ದ. ಅದು ಅವರಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲೋ ಅಚ್ಚಾಗಿದೆ ಎಂದು ತಿಳಿದರೆ ಅವರಿಗೆ ಆ ದಿನ ಅನ್ನ ಸೇರುತ್ತಿರಲಿಲ್ಲ. ಬರೆಯಲು ನನಗೂ ಧೈರ್ಯ ಸಾಲದು. ಅವರ ಬಗ್ಗೆ ಬರೆಯಬೇಕೆಂದರೆ ನಾನು ಮಾಡಿದ ಒಂದು ತಪ್ಪನ್ನೂ ಬರೆಯಬೇಕು. ಆ ತಪ್ಪನ್ನು ಅವರು ತಮ್ಮ ತಲೆಯ ಮೇಲೆ ಹೊತ್ತುಕೊಂಡು ಹೋಗಿಬಿಟ್ಟರು.

ಹೊಸೂರಿನ ಒಂದು ಎರಕದ ಕಾರ್ಖಾನೆ ನಮ್ಮದು. ಕುಲುಮೆಯಲ್ಲಿ ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುವ ಮುಂಚೆ ಒಂದು ಬಿಲ್ಲೆಯಷ್ಟು ಲ್ಯಾಬಿಗೆ ಬರುತ್ತದೆ. ಅದನ್ನು ಎಮರಿ ಕಾಗದದ ಚಕ್ರಕ್ಕೆ ಹಿಡಿದು ಮೇಲಿನ ಪದರ ತೆಗೆದು, ಯಂತ್ರದಲ್ಲಿಟ್ಟು, ಯಾವ ಧಾತು ಎಷ್ಟಿದೆ ಎಂದು ನಾವು ಹೇಳಬೇಕು. ನಾವು ಹೇಳುವವರೆಗೆ ಅಲ್ಲಿ ಬೆಂಕಿ ಉರಿಯುತ್ತಾ ಕಾಯುತ್ತಿರುತ್ತದೆ, ಮ್ಯಾನೇಜರ್ ಫೋನಿನಲ್ಲಿ ಬೈಯುತ್ತಿರುತ್ತಾರೆ. ಡಿಪ್ಲೊಮಾ ಮುಗಿಸಿ ನಾನು ಗುತ್ತಿಗೆಯ ಮೇಲೆ ಸೇರಿದಾಗ ಅವರು ಅಲ್ಲಿಗೆ ಹಿರಿಯರು. ಬಾಗಲೂರಿನ ಕಡೆಯವರು, ಸಣಕಲು ಆಳು. ಅಂಗಿಯ ಕತ್ತಿನ ಗುಂಡಿಯನ್ನೂ ಬಿಡದೆ ಹಾಕಿಕೊಳ್ಳುವರು.

“ಮೊದಲ್ನೇ ರೀಡಿಂಗ್ ಲೆಕ್ಕಕ್ಕೆ ಇಡ್ಕೋಬೇಡ ಕಣಮ್ಮ,” ಎಂದು ಮೊದಲ ದಿನವೇ ಹೇಳಿದ್ದರು. “ಅದು ಯಾವಾಗ್ಲೂ ಮೇಲಿನ ಕೊಳೆ ಹೇಳ್ತದೆ. ಬಿಟ್ಬುಡು. ಎರಡ್ನೇದು ನೋಡು, ಮೂರ್ನೇದು ನೋಡು, ಆಮೇಲೆ ಬರಿ.”

ಎರಡನೆಯ ಪಾಠ ರಿಜಿಸ್ಟರಿನದು. ನಾನು ಒಂದು ಅಂಕಿ ತಪ್ಪು ಬರೆದು ಅದರ ಮೇಲೆ ಬಿಳಿ ಬಣ್ಣ ಹಚ್ಚಲು ಹೋದೆ. ಅವರು ಬೆಚ್ಚಿಬಿದ್ದವರಂತೆ ನನ್ನ ಕೈಯಿಂದ ಆ ಪೆನ್ನು ಕಿತ್ತುಕೊಂಡರು. “ಹಂಗೆ ಮುಚ್ಬಾರ್ದು. ಒಂದೇ ಗೆರೆ ಎಳಿ. ಕೆಳಗಿರೋ ತಪ್ಪು ಓದೋ ಹಂಗೆ ಇರ್ಬೇಕು. ಪಕ್ಕದಲ್ಲಿ ಸರಿಯಾದ್ದು ಬರ್ದು ನಿನ್ನ ಸಹಿ ಹಾಕು. ತಪ್ಪು ಯಾರದು ಅಂತ ಗೊತ್ತಾಗ್ಬೇಕಲ್ಲ.” ಅವರ ಸ್ವಂತ ಸಹಿ ಒಂದು ಇರುವೆಯಷ್ಟಿತ್ತು, ಸಾಲಿನ ಮೂಲೆಯಲ್ಲಿ ಅವಿತುಕೊಂಡಂತೆ ಇರುತ್ತಿತ್ತು.

ಅವರು ಹೆದರದ ವಸ್ತು ನಾನು ಕಂಡಿಲ್ಲ. ನಾಯಿಗೆ ಹೆದರಿ ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಳ್ಳುವರು. ಡಬ್ಬಿ ತೆರೆದರೆ ಮೊಸರನ್ನು ಎರಡು ಸಲ ಮೂಸಿ ನೋಡಿ ಮೂರನೆಯ ಸಲ ನನಗೆ ಮೂಸಲು ಕೊಡುವರು. ಲೋಹ ಪತ್ತೆ ಮಾಡುವ ಕೈಗನ್ನು ಒಂದಿತ್ತು ನಮ್ಮಲ್ಲಿ. ಅದರಿಂದ ಕಿರಣ ಬರುತ್ತದೆಂದು ಅವರು ಅದನ್ನು ಒತ್ತುವಾಗ ನನ್ನನ್ನು ಗೋಡೆಯ ಆಚೆ ನಿಲ್ಲಿಸಿ, ನಡುವೆ ಒಂದು ಕಬ್ಬಿಣದ ಬೀರುವನ್ನೂ ಅಡ್ಡ ಎಳೆಸುತ್ತಿದ್ದರು. ಭಯಪಟ್ಟು ಎಷ್ಟೋ ಸಲ ಎರಕವನ್ನೇ ನಿಲ್ಲಿಸಿದ್ದಾರೆ. ಅವರ ಭಯ ಸರಿಯಾಗಿತ್ತು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಆದರೆ ಬಹಳ ಸಲ ಅದು ಸುಳ್ಳೇ ಆಗಿರುತ್ತಿತ್ತು, ಲೋಹ ಸರಿಯಾಗೇ ಇರುತ್ತಿತ್ತು, ಬೈಗುಳ ತಿಂದದ್ದೇ ಬಂತು. “ಸುಳ್ಳಾದ್ರೆ ಒಳ್ಳೇದೇ ಆಯ್ತಲ್ಲ ತಾಯಿ,” ಎಂದು ಕರ್ಚೀಫಿನಿಂದ ಮುಖ ಒರೆಸಿಕೊಳ್ಳುವರು.

ಒಂದು ಭಯ ಮಾತ್ರ ನಗುವಂಥದ್ದಾಗಿರಲಿಲ್ಲ. ಲ್ಯಾಬಿನಲ್ಲಿ ಯಾರಾದರೂ ಮಾತಿಗೆ ‘ದೇವರಾಣೆ’ ಎಂದರೆ ಅವರು ಕೈಯೆತ್ತಿ ತಡೆಯುತ್ತಿದ್ದರು. ಕಾರಣವನ್ನು ನನಗೆ ಒಂದೇ ಸಲ ಹೇಳಿದ್ದು. ಹೊಲದ ಬದುವಿನ ಜಗಳದಲ್ಲಿ ಅವರ ತಂದೆ ಗುಡಿಯ ಮುಂದೆ ಕರ್ಪೂರ ಆರಿಸಿದ್ದರಂತೆ. ನಮ್ಮ ಕಡೆ ಆಣೆಯೆಂದರೆ ಅದೇ. ಕರ್ಪೂರ ಹಚ್ಚಿಟ್ಟು, ಹೇಳಬೇಕಾದ್ದನ್ನು ಹೇಳಿ, ಉರಿಯುವ ಕರ್ಪೂರವನ್ನು ಬರಿಯ ಅಂಗೈಯಿಂದ ಅದುಮಿ ಆರಿಸಬೇಕು. “ನಮ್ಮಪ್ಪ ನಿಜಾನೇ ಹೇಳಿ ಆರ್ಸಿದ್ದು,” ಎಂದರು ಅವರು. “ಬದು ನಮ್ದೇ. ಆದ್ರೂ ಆರು ತಿಂಗ್ಳು ಇರ್ಲಿಲ್ಲ. ನಿಜ ಹೇಳಿದೋರ್ಗೇ ಹಂಗಾದ್ರೆ ಸುಳ್ಳು ಹೇಳ್ದೋರ ಗತಿ ಏನು ಲೆಕ್ಕ ಹಾಕು.” ಲೆಕ್ಕ ಹಾಕುವುದು ಅವರ ಉದ್ಯೋಗವಾಗಿತ್ತು, ಅದನ್ನೂ ಹಾಕಿಯೇ ಇಟ್ಟುಕೊಂಡಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ.

ಇಷ್ಟೆಲ್ಲ ಹೆದರುವವರಿಗೆ ಹಳೆಯ ಕಾಸುಗಳೆಂದರೆ ಮಾತ್ರ ಪ್ರಾಣ. ಕಾರ್ಖಾನೆಯವರು ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು, ಹೊಲ ಉಳುವಾಗ ಎದ್ದದ್ದು ಎಂದು ಒಂದೊಂದು ಕಾಸು ತಂದು ಊಟದ ಹೊತ್ತಿನಲ್ಲಿ ತೋರಿಸುವರು. ಅವರು ಭೂತಗನ್ನಡಿ ಹಿಡಿದು, ತಿರುಗಿಸಿ, ಅಂಚು ನೋಡಿ, ತೂಗಿ, ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ, ಒಂದು ಮಾತು ಹೇಳುವರು. ಗನ್ನು ಒತ್ತಿದರೆ ಒಂದು ನಿಮಿಷದ ಕೆಲಸವಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

“ಗನ್ನು ಚರ್ಮ ನೋಡ್ತದೆ ಕಣಮ್ಮ, ಮಾಂಸ ನೋಡಲ್ಲ,” ಎಂದರು. “ಹಳೇ ಬೆಳ್ಳಿ ಕಾಸಲ್ಲಿ ತಾಮ್ರ ಬೆರ್ಸಿರ್ತಾರೆ. ಮಣ್ಣಿನ ಹುಳಿ, ಹುಣಸೆಹಣ್ಣಿನ ಹುಳಿ ಮೇಲಿಂದ ತಾಮ್ರಾನೇ ತಿನ್ಕೊಂಡು ಹೋಗ್ತದೆ, ಬೆಳ್ಳಿ ಉಳೀತದೆ. ಮೇಲೆ ನೋಡಿದ್ರೆ ಅಪ್ಪಟ ಬೆಳ್ಳಿ. ಒಳಗೆ ಬೇರೇನೇ ಇರ್ತದೆ.” ನಾನು ಹೂಂ ಎಂದೆ. ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಆವತ್ತು ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಬರಹವೇ ಬೇಕಿರಲಿಲ್ಲ.

ಒಮ್ಮೆ ಗೇಟಿನಾಚೆಯ ಟೀ ಅಂಗಡಿಗೆ ಇಬ್ಬರು ಬಂದರು, ದೊಡ್ಡ ಕಾರಿನಲ್ಲಿ. ಕೈಯಲ್ಲೊಂದು ತಾಮ್ರದ ಕಾಸು. ಅದು ಅಕ್ಕಿಯನ್ನು ತನ್ನ ಕಡೆಗೆ ಎಳೆಯುತ್ತದೆ, ಅದರಲ್ಲಿ ಯಾವುದೋ ಅಪರೂಪದ ಧಾತುವಿದೆ ಎಂದು ನಂಬಿಸಿ ಕೋಟಿ ಕೀಳುವ ಮಂದಿ ನಮ್ಮ ಕಡೆ ಆಗಾಗ ಬರುತ್ತಾರೆ. ಅವರಿಗೆ ಬೇಕಾದದ್ದು ಲ್ಯಾಬಿನವರ ಒಂದು ಸಹಿ. ನಮ್ಮ ಸಾರ್ ಕೈಯಲ್ಲಿದ್ದ ಅರ್ಧ ಟೀ ಅಂಗಿಯ ಮೇಲೇ ಚೆಲ್ಲಿತು. ಆದರೂ ಕಾಸನ್ನು ತಿರುಗಿಸಿ ನೋಡಿ, “ಇದು ತಾಮ್ರ,” ಎಂದರು. ಒಬ್ಬ ಇವರ ಭುಜದ ಮೇಲೆ ಕೈಯಿಟ್ಟು, “ಸಾರ್, ಇನ್ನೊಂದ್ಸಲ ನೋಡಿ,” ಎಂದ. ಇವರು ಇನ್ನೊಂದು ಸಲ ನೋಡಿದರು. “ಇನ್ನೊಂದ್ಸಲಾನೂ ತಾಮ್ರಾನೇ,” ಎಂದರು. ಆಮೇಲೆ ಹತ್ತು ದಿನ ಮನೆಗೆ ಸುತ್ತು ದಾರಿಯಲ್ಲಿ, ಬಸ್ಸು ಬದಲಾಯಿಸಿಕೊಂಡು ಹೋದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಇನ್ನು ನನ್ನ ತಪ್ಪಿಗೆ ಬರಬೇಕು.

ನಮ್ಮೂರು ಹೊಸೂರಿನಾಚೆ ತಳಿ ಎಂಬ ಊರಿನ ಕಡೆ. ನಮ್ಮ ಮನೆದೇವತೆಗೆ ಒಂಬತ್ತು ಬೆಳ್ಳಿ ಕಾಸಿನ ಒಂದು ಸರವಿದೆ. ಎರಡು ಮಗ್ಗುಲೂ ಸವೆದು, ಯಾವ ರಾಜನದೆಂದು ತಿಳಿಯದ ಕಾಸುಗಳು. ದಾಯಾದಿಗಳ ನಾಲ್ಕು ಮನೆಗಳಲ್ಲಿ ವರ್ಷಕ್ಕೊಂದು ಮನೆಯಂತೆ ಅದು ಇರಬೇಕು. ಯುಗಾದಿ ಕಳೆದ ಮಂಗಳವಾರ ಇಟ್ಟುಕೊಂಡವರು ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಹಿರಿಯರಾದ ದೊಡ್ಡಪ್ಪನ ಕೈಗೆ ಕೊಡಬೇಕು, ಅವರು ದೇವತೆಗೆ ಹಾಕಿಸಿ ಮುಂದಿನ ಮನೆಗೆ ಕೊಡುತ್ತಾರೆ. ಆ ವರ್ಷ ಸರ ನಮ್ಮ ಮನೆಯಲ್ಲಿತ್ತು. ಅಪ್ಪ ಇಲ್ಲ, ನಾನು ಮತ್ತು ಅಮ್ಮ ಇಬ್ಬರೇ. ಗಂಡಸಿಲ್ಲದ ಮನೆಗೆ ಅಮ್ಮನವರ ಸರ ಯಾಕೆ ಎಂದು ದೊಡ್ಡಪ್ಪ ಮೊದಲೇ ಗೊಣಗಿದ್ದರು. ಆ ಮಾತು ನನಗೆ ಚುಚ್ಚಿತ್ತು. ಯಾರ ಮನೆಯಲ್ಲೂ ಹೊಳೆಯದಷ್ಟು ಅದು ನಮ್ಮ ಮನೆಯಿಂದ ಹೊಳೆದು ಹೋಗಬೇಕು ಎಂದುಕೊಂಡೆ.

ಹುಣಸೆಹಣ್ಣು ಯಾರಿಗೆ ಬೇಕು, ನನ್ನ ಹತ್ತಿರ ಲ್ಯಾಬಿನ ಚಕ್ರವಿತ್ತಲ್ಲ. ಕಾಸುಗಳನ್ನು ಊಟದ ಡಬ್ಬಿಯ ತಳದ ತಟ್ಟೆಯಲ್ಲಿಟ್ಟು ಗೇಟು ದಾಟಿಸಿದೆ. ಅವರು ಊಟಕ್ಕೆ ಹೋದಾಗ ಒಂದೊಂದನ್ನೇ ತಿರುಗುವ ಎಮರಿ ಕಾಗದಕ್ಕೆ ಹಿಡಿದೆ, ಆಮೇಲೆ ನುಣ್ಣನೆಯ ಬಟ್ಟೆಗೆ ಹಿಡಿದೆ. ಬೆರಳು ಸುಡುತ್ತಿತ್ತು, ಹೊತ್ತೂ ಇರಲಿಲ್ಲ. ಸರದಲ್ಲಿ ಕಾಣುವುದು ಮುಂದಿನ ಮಗ್ಗುಲು ಮಾತ್ರ ಎಂದು ಹಿಂದಿನದನ್ನು ಬಿಟ್ಟುಬಿಟ್ಟೆ. ಅಮ್ಮನಿಗೂ ಹೇಳಲಿಲ್ಲ. ದೇವರ ಕಾಸನ್ನು ಕಾರ್ಖಾನೆಯ ಚಕ್ರಕ್ಕೆ ಹಿಡಿದೆ ಎಂದರೆ ಅವಳು ಎದೆ ಒಡೆದುಕೊಳ್ಳುತ್ತಿದ್ದಳು.

ಆ ಹೊಳಪನ್ನು ನೋಡಿದ್ದೇ ದೊಡ್ಡಪ್ಪನ ಮುಖ ಬದಲಾಯಿತು. ಹಿಂದಿನ ವರ್ಷ ಸರ ನಮಗೆ ಕೊಡುವ ಮುಂಚೆ ಅವರು ಮಗಳ ಮದುವೆಯ ಓಲೆ ಕೊಳ್ಳಲು ಹೊಸೂರಿನ ಚಿನ್ನದ ಅಂಗಡಿಗೆ ಹೋಗಿದ್ದರು. ಅಲ್ಲಿ ಪುಕ್ಕಟೆ ಪರೀಕ್ಷಿಸುವ ಯಂತ್ರ ಕಂಡು ಸುಮ್ಮನೆ ಒಂದು ಕಾಸಿಡಿಸಿ, ಬೆಳ್ಳಿ ಶೇಕಡಾ ತೊಂಬತ್ತರ ಹತ್ತಿರ ಬಂದ ಚೀಟಿಯನ್ನು ದೇವರ ಪಟದ ಹಿಂದೆ ಇಟ್ಟುಕೊಂಡಿದ್ದರು. ಈಗ ಅದೇ ಅಂಗಡಿಗೆ ಮತ್ತೆ ಹೋದರು. ಈ ಸಲದ ಚೀಟಿಯಲ್ಲಿ ಬೆಳ್ಳಿ ಅರವತ್ತೂ ಇರಲಿಲ್ಲ.

“ಕಾಸು ಬದ್ಲಾಯ್ಸ್ಬುಟ್ಟವ್ರೆ,” ಎಂದು ಎರಡೂ ಚೀಟಿಗಳನ್ನು ನಮ್ಮ ಅಂಗಳದಲ್ಲಿ ಅಮ್ಮನ ಮುಂದೆ ಹಿಡಿದರು. “ಇನ್ನು ನಂದೇನಿಲ್ಲ. ಬರೋ ಮಂಗ್ಳವಾರ ಬಂದು ಕರ್ಪೂರ ಆರ್ಸು. ಅಮ್ನೋರೇ ನೋಡ್ಕೊಳ್ಳಲಿ.”

“ನಾನ್ಯಾಕೆ ಭಾವ ಬದ್ಲಾಯ್ಸ್ಲಿ,” ಎಂದಷ್ಟೇ ಅಮ್ಮ ಹೇಳಿದ್ದು. ಆಮೇಲೆ ಅವಳು ಉಣ್ಣಲಿಲ್ಲ. ಕದ್ದಿಲ್ಲವೆಂದು ಅವಳಿಗೆ ಗೊತ್ತು. ಆದರೆ ಆಣೆ ನಿಜವೋ ಸುಳ್ಳೋ ಎಂಬುದು ನಮ್ಮಲ್ಲಿ ದೊಡ್ಡದಲ್ಲ, ಆಣೆ ಇಟ್ಟ ಮನೆಗೆ ಕೇಡು ತಪ್ಪುವುದಿಲ್ಲ ಎಂಬುದು ದೊಡ್ಡದು. ಇದ್ದ ಒಬ್ಬಳೇ ಮಗಳು ನಾನು. ಆ ಕೇಡು ನನ್ನ ಮೇಲೇ ಬರುತ್ತದೆಂದು ಅವಳು ನನ್ನ ಮುಖವನ್ನೇ ನೋಡುತ್ತಾ ಕೂತಿರುತ್ತಿದ್ದಳು.

ನನಗೆ ದಿಕ್ಕೇ ತೋಚಲಿಲ್ಲ. ಬೆಳ್ಳಿಯೆಂದರೆ ಮೇಲಿಂದ ಕೆಳತನಕ ಬೆಳ್ಳಿ ಎಂದುಕೊಂಡಿದ್ದವಳು ನಾನು. ಚಕ್ರಕ್ಕೆ ಹಿಡಿದು ದೇವರ ಬೆಳ್ಳಿಯನ್ನೇ ಕೆಡಿಸಿದೆನೋ ಏನೋ. ಬಾಯಿ ಬಿಟ್ಟರೆ ಊರು ಏನನ್ನುತ್ತದೋ, ಕಂಪನಿಯ ಯಂತ್ರವನ್ನು ಕದ್ದು ಬಳಸಿದ್ದಕ್ಕೆ ಕೆಲಸ ಹೋಗುತ್ತದೋ. ಕೊನೆಗೆ ದೊಡ್ಡಪ್ಪನ ಕೈಕಾಲು ಹಿಡಿದು ಒಂದು ಕಾಸು ತಂದು ಲ್ಯಾಬಿನಲ್ಲಿ ಸಾರ್ ಮೇಜಿನ ಮೇಲಿಟ್ಟೆ. ‘ಗೊತ್ತಿರೋರದು ಸಾರ್’ ಎಂದೆ.

ಅವರು ಭೂತಗನ್ನಡಿ ಹಿಡಿದರು. ತಿರುಗಿಸಿದರು. ಮತ್ತೆ ಮುಂದಿನ ಮಗ್ಗುಲಿಗೆ ಬಂದರು.

“ಗೆರೆ ಎಲ್ಲಾ ಒಂದೇ ಕಡೀಗೆ ಅವೆ,” ಎಂದರು ಮೆಲ್ಲಗೆ. “ಇದು ನಮ್ಮ ಚಕ್ರ.”

ನಾನು ಅಳತೊಡಗಿದೆ. ಎಲ್ಲವನ್ನೂ ಹೇಳಿದೆ, ಮಂಗಳವಾರದ ಕರ್ಪೂರವನ್ನೂ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು, ಹಾಕಿದ್ದನ್ನು ಎಳೆದು ನೋಡಿದರು, ಬಂದು ಕೂತರು. ಅವರ ನಿವೃತ್ತಿಗೆ ಒಂದೇ ತಿಂಗಳಿತ್ತು. ಆ ಒಂದು ತಿಂಗಳಲ್ಲಿ ಏನೂ ಆಗದಿರಲಿ ಎಂದು ಅವರು ಕ್ಯಾಲೆಂಡರಿನಲ್ಲಿ ದಿನ ಹೊಡೆಯುತ್ತಿದ್ದದ್ದು ನನಗೆ ಗೊತ್ತು. ಬಹಳ ಹೊತ್ತು ನೀರು ಕುಡಿದರು. ಆಮೇಲೆ, “ಹಿಂದ್ಗಡೆ ಉಜ್ಜಿಲ್ಲ ತಾನೆ,” ಎಂದು ಕೇಳಿದರು. ಇಲ್ಲ ಎಂದೆ. “ಬದುಕ್ಕೊಂಡೆ. ನಿಮ್ಮ ದೊಡ್ಡಪ್ಪನ್ನ ಅದೇ ಅಂಗಡಿಗೆ ಬರಕ್ಕೆ ಹೇಳು. ನಾನೂ ಬತ್ತೀನಿ.”

ಮಂಗಳವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ದೊಡ್ಡಪ್ಪ, ಅಮ್ಮ, ನಾನು, ಅವರು. ಯಂತ್ರ ನೋಡಿಕೊಳ್ಳುವ ಹೆಂಗಸಿಗೆ ಅವರು ತಮಿಳಿನಲ್ಲಿ ಕೈಮುಗಿಯುವ ದನಿಯಲ್ಲಿ ಕೇಳಿಕೊಂಡರು, ಕಾಸನ್ನು ಮೊದಲು ಹೊಳೆಯುವ ಮಗ್ಗುಲು ಇಡಿ, ಆಮೇಲೆ ತಿರುಗಿಸಿ ಇಡಿ ಎಂದು. ಹೊಳೆಯುವ ಮಗ್ಗುಲಿಗೆ ಅದೇ ಕಡಿಮೆ ಅಂಕಿ. ತಿರುಗಿಸಿದಾಗ ಪರದೆಯ ಮೇಲೆ ತೊಂಬತ್ತರ ಹತ್ತಿರ ಬಂತು. ಒಂದೇ ಕಾಸು. ಆ ಹೆಂಗಸು ಕಣ್ಣುಜ್ಜಿಕೊಂಡಳು. ಇವರು ಅಷ್ಟಕ್ಕೇ ಬಿಡದೆ ಒಂಬತ್ತನ್ನೂ ಇಡಿಸಿದರು, ಪ್ರತಿಯೊಂದರಲ್ಲೂ ಮೊದಲನೆಯ ಅಂಕಿಯನ್ನು ಬಿಟ್ಟು ಮುಂದಿನದನ್ನು ಬರೆದುಕೊಂಡರು. ಅಂಗಡಿಯವರು ಒಳಗೊಳಗೇ ಶಪಿಸಿರಬೇಕು.

ದೊಡ್ಡಪ್ಪ ತಮ್ಮ ಹಳೆಯ ಚೀಟಿಯನ್ನು ಪಕ್ಕದಲ್ಲಿಟ್ಟು ನೋಡಿದರು. “ಅಂದ್ರೆ ಕಾಸು ಅವೇನಾ?”

“ಅವೇ. ನಿಮ್ಮೋರು ಹುಣಸೆಹಣ್ಣು ಹಾಕಿ ಎಷ್ಟೋ ತಲೆಮಾರಿಂದ ತಿಕ್ಕಿ ತಿಕ್ಕಿ ಮೇಲೆ ಬೆಳ್ಳಿ ಚರ್ಮ ಬಂದೈತೆ. ಒಂದು ಕಡೆ ಆ ಚರ್ಮ ಉಜ್ಜೋಗೈತೆ, ಒಳಗಿನ ಮಾಂಸ ಕಾಣ್ತೈತೆ. ಯಾರೂ ಕದ್ದಿಲ್ಲ.”

“ನಮ್ಮ ಹಿರೀಕರು ಅಮ್ನೋರ್ಗೆ ಕಲಬೆರಕೆ ಕೊಟ್ಟವ್ರೆ ಅಂತೀರಾ?”

“ಅವತ್ತು ನಡೀತಿದ್ದ ಕಾಸೇ ಅಂಥದ್ದು ಯಜಮಾನ್ರೆ. ಇದ್ದಿದ್ದು ಕೊಟ್ಟವ್ರೆ.”

ದೊಡ್ಡಪ್ಪ ಚೀಟಿ ಮಡಚಿ ಜೇಬಿಗಿಟ್ಟರು. ಆಮೇಲೆ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. “ಸರಿ. ಉಜ್ಜಿದ್ದು ಯಾರು?”

ನಾನು ಬಾಯಿ ತೆರೆದೆ, ಸ್ವರ ಬರಲಿಲ್ಲ ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಈಗ ಗೆರೆ ಎಳೆದು ಸರಿಯಾದ್ದನ್ನು ಬರೆಯುತ್ತೇನೆ. ನಾನು ಬಾಯಿ ತೆರೆಯಲೇ ಇಲ್ಲ.

“ನಾನು,” ಎಂದರು ಅವರು. “ಈ ಹೆಣ್ಮಗು ನೋಡೋಕೆ ಅಂತ ತಂದು ತೋರಿಸ್ತು. ಹೊಳಪು ಬರ್ಲಿ ಅಂತ ನಾನೇ ಚಕ್ರಕ್ಕೆ ಹಿಡಿದುಬುಟ್ಟೆ. ತಪ್ಪಾಯ್ತು.”

ದೊಡ್ಡಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಓದ್ದೋರು ನೀವು. ಹೋಗ್ಲಿ, ಈ ಮಾತ್ನೇ ಅಮ್ನೋರ ಮುಂದೆ ಹೇಳಿ ಕರ್ಪೂರ ಆರ್ಸಿ. ಇವಳ್ನ ಬಿಟ್ಬುಡ್ತೀನಿ.”

ಗುಡಿ ನಮ್ಮ ರಾಗಿ ಹೊಲದ ಅಂಚಿಗಿದೆ, ಒಂದಾಳು ಬಗ್ಗಿ ಹೋಗುವಷ್ಟು ಕಲ್ಲಿನ ಕೋಣೆ. ಜೀಪಿನಲ್ಲಿ ಹೋಗುವಾಗ ಅವರು ಅಂಗಿಯ ಕತ್ತಿನ ಗುಂಡಿಯನ್ನು ಬಿಚ್ಚಿಕೊಂಡಿದ್ದರು. ಅದನ್ನು ಬಿಚ್ಚಿದ್ದು ನಾನು ಅದೇ ಮೊದಲು ನೋಡಿದ್ದು. ಕಲ್ಲಿನ ಮೇಲೆ ಕರ್ಪೂರ ಹತ್ತಿಕೊಂಡಿತು. “ಕಾಸು ಉಜ್ಜಿದ್ದು ನಾನು. ಬೇರೆ ಯಾರೂ ಅಲ್ಲ,” ಎಂದರು. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ಅಂಗೈಯನ್ನು ಉರಿಯ ಮೇಲೆ ಅದುಮಿದರು, ಬೇಗ ತೆಗೆಯಲೂ ಇಲ್ಲ. ಪಕ್ಕದಲ್ಲಿ ಅಮ್ಮ ನೆಲಕ್ಕೆ ಕುಸಿದು ಅವರ ಕಾಲಿಗೆ ಬಿದ್ದಳು. ನಾನು ನಿಂತೇ ಇದ್ದೆ.

ವಾಪಸು ಬಸ್ಸಿನಲ್ಲಿ ಅಂಗೈಗೆ ಒದ್ದೆ ಕರ್ಚೀಫು ಸುತ್ತಿಕೊಂಡು ಕಿಟಕಿಯ ಕಡೆ ಕೂತಿದ್ದರು. ಬಹಳ ದೂರ ಬಂದ ಮೇಲೆ, “ಇವತ್ತಿನವರ್ಗೂ ನಾನು ಒಂದು ದಶಮಾಂಶ ಸುಳ್ಳು ಬರ್ದಿರ್ಲಿಲ್ಲ ಕಣಮ್ಮ,” ಎಂದರು.

“ಮತ್ತೆ ಯಾಕೆ ಸಾರ್?”

“ನಂಗಿಂತ ಹೆಚ್ಚು ಹೆದರ್ಕೊಂಡಿರೋರ್ನ ನಾನು ಕಂಡೇ ಇರ್ಲಿಲ್ಲ. ಅಲ್ಲಿ ನಿನ್ನ ಮುಖ ನೋಡ್ದೆ.” ಕರ್ಚೀಫು ಬಿಗಿ ಮಾಡಿಕೊಂಡು, “ಸುಳ್ಳು ಹೇಳಿದೋನ್ಗೆ ಎಷ್ಟು ತಿಂಗ್ಳು ಅಂತ ನಂಗೊತ್ತಿಲ್ಲ,” ಎಂದು ನಗಲು ನೋಡಿದರು.

ಮರುದಿನ ಲ್ಯಾಬಿನ ರಿಜಿಸ್ಟರಿನಲ್ಲಿ, ನಾನು ಚಕ್ರ ಬಳಸಿದ ದಿನದ ಪುಟದ ಅಂಚಿನಲ್ಲಿ, ‘ಸ್ವಂತ ಕೆಲಸಕ್ಕೆ ಬಳಕೆ’ ಎಂಬ ಸಾಲು, ಪಕ್ಕದಲ್ಲಿ ಇರುವೆಯಷ್ಟು ಸಹಿ. ಯಾರೂ ಅದನ್ನು ನೋಡಲಿಲ್ಲ. ತಿಂಗಳು ಕಳೆದು ಹಾರ ಹಾಕಿಸಿಕೊಂಡು ನಿವೃತ್ತರಾದರು. ಹಾರದೊಳಗೆ ಹುಳವಿದೆಯೇ ಎಂದು ಕೊಡವಿ ನೋಡಿಯೇ ಕುತ್ತಿಗೆಗೆ ಹಾಕಿಸಿಕೊಂಡದ್ದು.

ಆಮೇಲಿನ ಎರಡು ವರ್ಷ ನಾನು ಅವರನ್ನು ನೋಡಲು ಹೋದದ್ದು ಎರಡೇ ಸಲ. ಹೋಗಲು ಭಯವಾಗುತ್ತಿತ್ತು. ಅವರು ಚೆನ್ನಾಗಿದ್ದರೆ ಸಮಾಧಾನ, ಕೆಮ್ಮಿದರೆ ನನ್ನ ಕಣ್ಣು ಅವರ ಅಂಗೈಗೆ ಹೋಗುತ್ತಿತ್ತು. ಅವರು ಹೃದಯ ನಿಂತು ಹೋದರು ಎಂದು ಲ್ಯಾಬಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಾಗ ನಾನು ಯಂತ್ರದ ಮುಂದೆ ಇದ್ದೆ. ಅರವತ್ತು ದಾಟಿದವರ ಹೃದಯ ನಿಲ್ಲುವುದಕ್ಕೂ ಕರ್ಪೂರಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಅದನ್ನು ನಾನು ಯಾರಿಗೆ ಬೇಕಾದರೂ ವಿವರಿಸಬಲ್ಲೆ. ನನಗೆ ಮಾತ್ರ ವಿವರಿಸಿಕೊಳ್ಳಲು ಆಗಲಿಲ್ಲ.

ಬಾಗಲೂರಿನ ಮನೆಯಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂರಿಸಿದರು. “ನಿಂಗೆ ಗೊತ್ತಿರ್ತದೆ ಬಿಡು. ಯಾವ್ದೋ ದೇವ್ರ ಕಾಸು ಉಜ್ಜಿಬುಟ್ರಂತೆ. ಆವತ್ತಿಂದ ದಿನಾ ಬೆಳಿಗ್ಗೆ ಎದ್ದು ಅಂಗೈ ನೋಡ್ಕೊಳ್ಳೋರು. ಕಲೆ ಐತೇನೋ, ಹೋಯ್ತೇನೋ ಅಂತ. ಶಾಂತಿ ಮಾಡ್ಸಿದ್ವಿ, ಅಭಿಷೇಕ ಮಾಡ್ಸಿದ್ವಿ. ಆ ತಾಯಿ ಬಿಡ್ಲಿಲ್ಲ. ಕಂಡೋರ ದೇವ್ರ ತಂಟೆ ಇವರಿಗೆ ಯಾಕೆ ಬೇಕಿತ್ತು, ಹೇಳು.”

ಹೆಂಡತಿಗೂ ಅವರು ಹೇಳಿರಲಿಲ್ಲ. ಆರಿಸಿದ ಕರ್ಪೂರಕ್ಕೆ ವಿರುದ್ಧವಾಗಿ ಮನೆಯೊಳಗೆ ಬೇರೆ ಮಾತು ಆಡಲು ಅವರಿಗೆ ಭಯವಾಗಿರಬೇಕು. ನಾನು ಅಲ್ಲೂ ಸುಮ್ಮನಿದ್ದೆ. ಅವರ ಕಾಫಿ ಕುಡಿದು ಎದ್ದು ಬಂದೆ.

ಆದರೆ ಮನೆಗೆ ಬಂದು ಅಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಅಮ್ಮ ಅಳಲಿಲ್ಲ, ಹೊಡೆಯಲಿಲ್ಲ. “ಹಂಗಾರೆ ಆ ಅವ್ವ ತನ್ನ ಗಂಡನ್ನ ತಪ್ಪಿತಸ್ತ ಅನ್ಕೊಂಡೇ ಇರ್ಬೇಕೇನೆ?” ಎಂದಳು.

ಮೊದಲು ರಿಜಿಸ್ಟರು. ಹಳೆಯ ಪುಟ ಹುಡುಕಿ ಅವರ ಆ ಸಾಲಿನ ಮೇಲೆ ಒಂದೇ ಗೆರೆ ಎಳೆದೆ, ಕೆಳಗಿನದು ಓದುವಂತೆ. ಪಕ್ಕದಲ್ಲಿ ನನ್ನ ಹೆಸರು ಬರೆದು ಪೂರ್ತಿ ಸಹಿ ಹಾಕಿದೆ. ಅದನ್ನು ಮ್ಯಾನೇಜರಿಗೂ ತೋರಿಸಿದೆ. ಮೇಲಿನವರಿಗೆ ಬರೆಯುತ್ತೇನೆ ಎಂದಿದ್ದಾರೆ, ಏನಾಗುತ್ತದೋ ಗೊತ್ತಿಲ್ಲ. ಆಮೇಲೆ ಬಾಗಲೂರಿಗೆ ಹೋಗಿ ಅವರ ಹೆಂಡತಿಗೆ ಹೇಳಿದೆ. ಅವರು ಕೆನ್ನೆಗೆ ಹೊಡೆಯಬಹುದು ಎಂದುಕೊಂಡಿದ್ದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ, ಒಂದು ಕರ್ಪೂರದ ಪೊಟ್ಟಣ ಹಿಡಿದು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. “ನಡಿ, ನಿಮ್ಮೂರ್ಗೆ,” ಎಂದರು.

ದೊಡ್ಡಪ್ಪ ಗುಡಿಯ ಮುಂದೆ ಬಂದು ನಿಂತರು. ಎಲ್ಲ ಕೇಳಿಸಿಕೊಂಡು, “ಸತ್ತೋರ ವಿಚಾರ. ಈಗ್ಯಾಕೆ ಕೆದಕ್ತೀಯ? ಆಣೆ ಗೀಣೆ ಬೇಡ ಬಿಡು ಮಗ, ವಯಸ್ಸ್ನೋಳು ನೀನು,” ಎಂದರು. ಅವರಿಗೂ ಭಯವೇ. ಅಮ್ಮ ನನ್ನನ್ನು ತಡೆಯಲಿಲ್ಲ, ಆದರೆ ನೋಡಲಾರದೆ ಹೊಲದ ಕಡೆ ಮುಖ ಮಾಡಿ ನಿಂತಳು.

ಕರ್ಪೂರ ಹಚ್ಚಿದೆ. “ಕಾಸು ಉಜ್ಜಿದ್ದು ನಾನು. ಅವರಲ್ಲ,” ಎಂದೆ. ಅಂಗೈ ಇಟ್ಟು ಚಟ್ಟನೆ ತೆಗೆದುಬಿಟ್ಟೆ. ಉರಿ ಆರಿದಂತೆ ಕಂಡು ಒಂದು ಅಂಚಿನಲ್ಲಿ ಮತ್ತೆ ಸಣ್ಣಗೆ ಎದ್ದಿತು, ಹಾಗೇ ಉರಿದು ಮುಗಿಯಿತು.

“ಆಯ್ತಲ್ಲ, ಬಾ,” ಎಂದರು ದೊಡ್ಡಪ್ಪ.

“ಇಲ್ಲ ದೊಡ್ಡಪ್ಪ. ಮೊದಲ್ನೇದು ಲೆಕ್ಕಕ್ಕಿಲ್ಲ,” ಎಂದೆ.

ಆ ಮಾತಿಗೆ ಸಾರ್ ಹೆಂಡತಿ ನನ್ನ ಕಡೆ ತಿರುಗಿದರು. ತಮ್ಮ ಕೈಯಲ್ಲಿದ್ದ ಪೊಟ್ಟಣದಿಂದ ಇನ್ನೊಂದು ಬಿಲ್ಲೆ ತೆಗೆದು ಕಲ್ಲಿನ ಮೇಲಿಟ್ಟು ಹಚ್ಚಿದರು. ನಾನು ಅದೇ ಮಾತನ್ನು ಮತ್ತೆ ಹೇಳಿ, ಅಂಗೈಯಿಟ್ಟು, ಪೂರ್ತಿ ಆರುವವರೆಗೆ ಅದುಮಿದೆ. ಅಷ್ಟು ಹೊತ್ತೂ ಅವರು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದರು.

ಈಗ ದಿನಾ ಬೆಳಿಗ್ಗೆ ಎದ್ದ ಕೂಡಲೇ ನಾನು ಅಂಗೈ ನೋಡಿಕೊಳ್ಳುತ್ತೇನೆ.